ಕಣ್ಣಳತೆಯ ಜೋಡಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಜಾತ್ರೆ ಕುಸ್ತಿಯನ್ನು ನೋಡಿದವರಿಗೆ ಗೊತ್ತು. ಹಲಗೆ ಬಾರಿಸುತ್ತಿದ್ದಂತೆ ಸಣಕಲು ಹುಡುಗನೊಬ್ಬ ಮಣ್ಣು ಮುಟ್ಟಿ ನಮಸ್ಕರಿಸುತ್ತಾನೆ. ದಡೂತಿ ಪೈಲ್ವಾನ ಮೈಮೇಲೆ ಬರುವಾಗ ಬಗ್ಗಿ ಒಳನುಗ್ಗಿ, ಒಂದೇ ಕಾಲು ಹಿಡಿದು ಎಳೆಯುತ್ತಾನೆ. ದೊಡ್ಡವನನ್ನು ಅವನ ಭಾರವೇ ಕೆಡವುತ್ತದೆ. ಆ ಕ್ಷಣ ನನಗೆ ಇಂದಿಗೂ ರೋಮಾಂಚನ.

ಬಾಕ್ಸಿಂಗಿನಲ್ಲಿ ಹಿಡಿದೆಳೆಯುವಂತಿಲ್ಲ; ಉದ್ದ ತೋಳಿನ ಗುದ್ದೇ ಮೊದಲು ತಾಗುತ್ತದೆ. ಆದರೂ 1919ರಲ್ಲಿ ಸುಮಾರು 85 ಕಿಲೋದ ಜಾಕ್ ಡೆಂಪ್ಸಿ, 111 ಕಿಲೋದ ಜೆಸ್ ವಿಲ್ಲರ್ಡನನ್ನು ಮೊದಲ ಸುತ್ತಿನಲ್ಲೇ ಏಳು ಸಲ ಕೆಡವಿದ. 2024ರ ಮೇನಲ್ಲಿ ಬಾಕ್ಸರ್ ಒಲೆಕ್ಸಾಂಡರ್ ಉಸಿಕ್, ತನಗಿಂತ 17 ಕಿಲೋ ಹೆಚ್ಚು ತೂಗುವ ಟೈಸನ್ ಫ್ಯೂರಿಯನ್ನು ಗೆದ್ದ. ಕಾಲ ಬದಲಾದರೂ ಚುರುಕು ಕಾಲಿನ ಬೆಲೆ ಇಳಿದಿಲ್ಲ.

ಆದರೆ ಈ ಬಾಕ್ಸರ್‌ಗಳೆಲ್ಲ ಪಳಗಿದ ಹೆವಿವೇಟ್ ಪಟುಗಳು. ನಮ್ಮ ಗರಡಿಯ ಎಳೆಯ ಹುಡುಗರಿಗೆ ಜೋಡಿ ಹಚ್ಚುವಾಗ ಕಣ್ಣಳತೆಯೊಂದೇ ಸಾಲದು; ಹಿರಿಯರೇ, ದಯವಿಟ್ಟು ತಕ್ಕಡಿಯನ್ನೂ ತನ್ನಿ.