ಪೆಟ್ಟಾದರೆ ಹೊಣೆ ಯಾರದು?
(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರಗಳ ಮಾತಿಗಾಗಿ ತಮ್ಮಲ್ಲಿಗೆ ಬರುವ ನಾನು ಇಂದು ಬೇರೊಂದು ವಿಷಯ ಹೇಳಬೇಕಾಗಿದೆ. ಬೆಳಗಾದರೆ ನಮ್ಮ ಹಳ್ಳಿಗಳ ಮಕ್ಕಳು ಪೀಣ್ಯಕ್ಕೋ ಬೊಮ್ಮಸಂದ್ರಕ್ಕೋ ವೈಟ್‌ಫೀಲ್ಡಿಗೋ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಪೆಟ್ಟಾದರೆ ಹೊಣೆ ಯಾರದೆಂಬುದನ್ನು ಮನೆಯ ಹಿರಿಯರು ತಿಳಿದಿರಬೇಕು.

ಪ್ರೆಸ್ ಯಂತ್ರಕ್ಕೆ ಸಿಕ್ಕಿ ಒಬ್ಬ ಹುಡುಗನ ಹೆಬ್ಬೆರಳು ಹೋಯಿತೆನ್ನಿ. "ಅವನು ಕಂಟ್ರಾಕ್ಟರ ಕಡೆಯ ಆಳು" ಎನ್ನುತ್ತಾರೆ ಕಾರ್ಖಾನೆಯವರು. "ಯಂತ್ರ ನನ್ನದಲ್ಲ" ಎನ್ನುತ್ತಾನೆ ಕಂಟ್ರಾಕ್ಟರು. ಇಬ್ಬರ ನಡುವೆ ಹುಡುಗ ಬರಿಗೈಯಲ್ಲಿ ಊರಿಗೆ ಬರುತ್ತಾನೆ.

ಕಾನೂನು ಹೀಗೆ ಹೇಳುವುದಿಲ್ಲ. ಕೆಲಸವು ಕಾರ್ಖಾನೆಯ ಸ್ವಂತ ಕಸುಬಿಗೆ ಸೇರಿದ್ದಾಗಿ, ಅಪಘಾತ ಅವರ ಆವರಣದಲ್ಲೇ ಆಗಿದ್ದರೆ, ಪರಿಹಾರವನ್ನು ಕಾರ್ಖಾನೆಯಿಂದಲೇ ಕೇಳಬಹುದು. ಕೊಟ್ಟ ಹಣವನ್ನು ಕಂಟ್ರಾಕ್ಟರಿಂದ ವಸೂಲು ಮಾಡಿಕೊಳ್ಳುವುದು ಅವರ ಪಾಡು. ಈ ಹಕ್ಕು 1923ರ ಕಾಯಿದೆಯಿಂದ ಬಂದದ್ದು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, ತತ್ತ್ವ ಅದೇ. ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ, ಹೊತ್ತು ಮತ್ತು ಜಾಗ ಕೆಲಸಕ್ಕೆ ಹೊಂದಿಕೆಯಾದರೆ, ಕೆಲಸದ ಅಪಘಾತವೆಂದೇ ಎಣಿಕೆ.

"ನಿನ್ನದೇ ಅಜಾಗರೂಕತೆ" ಎಂದರೆ ಹೆದರಬೇಡಿ. ಬರಿಯ ಕೈತಪ್ಪಿನಿಂದ ಹಕ್ಕು ಹೋಗುವುದಿಲ್ಲ. ಆದರೆ ಕುಡಿದು ಕೆಲಸಕ್ಕೆ ನಿಂತರೆ, ಬೇಕೆಂದೇ ಯಂತ್ರದ ರಕ್ಷಣೆಯನ್ನು ತೆಗೆದಿಟ್ಟರೆ, ಬೆರಳು ಹೋದಂಥ ಪೆಟ್ಟಿಗೆ ಪರಿಹಾರ ತಪ್ಪೀತು. ಇದನ್ನು ಮಕ್ಕಳಿಗೆ ಹೇಳಿ.

ಲೆಕ್ಕ ಕೇಳಿ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ಪಾಲು ನಷ್ಟವೆಂದು ಕಾನೂನಿನ ಪಟ್ಟಿಯಲ್ಲಿದೆ. ಸಂಬಳ 10,000 ರೂಪಾಯಿ, ವಯಸ್ಸು 25 ಆಗಿದ್ದರೆ, ಸಂಬಳದ ನೂರಕ್ಕೆ 60 ಪಾಲನ್ನು 216.91ರಿಂದ ಗುಣಿಸಿ, ಅದರಲ್ಲಿ ನೂರಕ್ಕೆ 30 ತೆಗೆದರೆ 3,90,438 ರೂಪಾಯಿ. ಐದೋ ಹತ್ತೋ ಸಾವಿರ ಕೈಗಿಟ್ಟು ಕಾಗದಕ್ಕೆ ರುಜು ಹಾಕೆಂದರೆ ಈ ಲೆಕ್ಕ ನೆನಪಿರಲಿ. ಇ.ಎಸ್.ಐ. ಇರುವ ಕಡೆ ಈ ಪರಿಹಾರದ ಬದಲು ಇ.ಎಸ್.ಐ.ನಿಂದಲೇ ಚಿಕಿತ್ಸೆ, ಭತ್ಯೆ ಪಡೆಯತಕ್ಕದ್ದು. ಪೀಣ್ಯದಲ್ಲಿ, ರಾಜಾಜಿನಗರದಲ್ಲಿ ಅದರ ಆಸ್ಪತ್ರೆಗಳಿವೆ.

ಪೆಟ್ಟಾದ ಕೂಡಲೆ ಮಾಡತಕ್ಕದ್ದು ಇಷ್ಟು:

1. ಎಲ್ಲಿ, ಹೇಗೆ ಪೆಟ್ಟಾಯಿತೆಂದು ಆಸ್ಪತ್ರೆಯಲ್ಲಿ ನಿಜವನ್ನೇ ಬರೆಸಿ. "ಮನೆಯಲ್ಲಿ ಬಿದ್ದ" ಎಂದು ಬರೆಸಬೇಡಿ.
2. ಗೇಟ್ ಪಾಸು, ಹಾಜರಿ ಚೀಟಿ, ಸಂಬಳ ಜಮಾ ಆದ ಪಾಸ್ ಪುಸ್ತಕ ಜೋಪಾನವಾಗಿಡಿ.
3. ಕಾರ್ಖಾನೆ, ಕಂಟ್ರಾಕ್ಟರು ಇಬ್ಬರಿಗೂ ಬರಹದಲ್ಲಿ ತಿಳಿಸಿ.
4. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಹಕ್ಕು ಬಿಟ್ಟೆನೆಂದು ಬರೆಸಿಕೊಂಡರೂ ಅದು ಊರ್ಜಿತವಲ್ಲ.
5. ಅರ್ಜಿಗೆ ಎರಡು ವರ್ಷದ ಗಡುವಿದೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ.

ಕೊನೆಯ ಮಾತು ನಮಗೇ ಸೇರಿದ್ದು. ಕೂಲಿ ಕೊಟ್ಟು ನಮ್ಮ ಟ್ರಾಕ್ಟರಿನ ಮೇಲೋ ವಿದ್ಯುತ್ ಯಂತ್ರದ ಮುಂದೋ ಆಳನ್ನು ನಿಲ್ಲಿಸಿದಾಗ ಮಾಲೀಕರು ನಾವೇ. ಅಂಥ ಬೇಸಾಯದ ಕೆಲಸವೂ ಈ ಕಾನೂನಿನ ಪಟ್ಟಿಯಲ್ಲಿದೆ. ಮಗನಿಗಾಗಿ ಪೀಣ್ಯದಲ್ಲಿ ಕೇಳುವ ನ್ಯಾಯವನ್ನು ನಮ್ಮ ಹೊಲದ ಆಳಿಗೂ ಸಲ್ಲಿಸೋಣ. ಅದಕ್ಕಿಂತ ಮೊದಲು, ಯಂತ್ರದ ಬೆಲ್ಟಿಗೆ ಒಂದು ಮುಚ್ಚಳ ಹಾಕಿಸೋಣ.