ಮಕ್ಕಳ ಅಕ್ಷರ, ತಂದೆ-ತಾಯಿಗಳ ಹೊಣೆ

(ನವಿಲುತೀರ್ಥ ಭಾಗದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಕಳೆದ ತಿಂಗಳು ಗೋಷ್ಠಿ ಮುಗಿದು ಪ್ರಸಾದಕ್ಕೆ ಕೂತಾಗ ಒಬ್ಬ ತಾಯಿ ಮಗನ ನೋಟಬುಕ್ ತಂದು ತೋರಿಸಿದರು. ಹುಡುಗ ಒಂದನೇ ಇಯತ್ತೆ, ಇಂಗ್ಲಿಷ್ ಮಾಧ್ಯಮ. ನಾಲ್ಕು ಗೆರೆಯ ಪುಸ್ತಕದ ತುಂಬ ಕರ್ಸಿವ್ ಅಕ್ಷರ. ಒಂದಕ್ಕೊಂದು ಕೊಂಡಿ ಹಾಕಿ ಬರೆದದ್ದು. "ಅಕ್ಕೋರ, ಅಕ್ಷರ ಎಷ್ಟ ಚಂದ ಅದಾವ ನೋಡ್ರಿ. ಆದ್ರ ಏನ ಬರದಿ, ಓದಪಾ ಅಂದ್ರ ಸುಮ್ಮನ ನಿಂದರ್ತಾನ" ಅಂದರು. ನಾನೂ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದೆ. ಹುಡುಗ ಓದಲಿಲ್ಲ. ಹೋಗಲಿ, ನಿನ್ನ ಹೆಸರು ಕನ್ನಡದಲ್ಲಿ ಬರಿ ಅಂದೆ. ಅದೂ ಬರಲಿಲ್ಲ. ಆ ತಾಯಿ ಕೇಳಿದ್ದು ಒಂದೇ ಮಾತು: "ಈ ಕರ್ಸಿವ್ ಬಿಡಸ್ಬೇಕೋ, ಇರ್ಲಿ ಅನ್ಬೇಕೋ?" ಅವತ್ತು ನಿಂತ ಕಾಲಲ್ಲಿ ಉತ್ತರ ಹೇಳಲು ನನಗೆ ಆಗಲಿಲ್ಲ. ಇವತ್ತು ಹೇಳಲು ಪ್ರಯತ್ನ ಮಾಡುತ್ತೇನೆ.

ಮೊದಲು ಒಂದು ಮಾತು ತಿಳಿದುಕೊಳ್ಳೋಣ. ಇಂಗ್ಲಿಷ್ ಕಲಿಯಬೇಕಾದರೆ ಕರ್ಸಿವ್ ಬರಲೇಬೇಕು ಎಂಬ ನಂಬಿಕೆ ನಮ್ಮಲ್ಲಿದೆ. ಇಂಗ್ಲಿಷ್ ಆಡುವ ದೇಶಗಳಲ್ಲೇ ಈ ಬಗ್ಗೆ ಒಮ್ಮತ ಇಲ್ಲ. ಅಮೆರಿಕದಲ್ಲಿ 2010ರಲ್ಲಿ ಬಂದ ಹೊಸ ಪಠ್ಯ ಮಾನದಂಡದಲ್ಲಿ ಕರ್ಸಿವ್ ಇರಲಿಲ್ಲ. ಬಹಳ ರಾಜ್ಯಗಳು ಕೈಬಿಟ್ಟವು. ಆಮೇಲೆ ಕೆಲವು ರಾಜ್ಯಗಳು ಮತ್ತೆ ತಂದವು. ಕ್ಯಾಲಿಫೋರ್ನಿಯಾ 2023ರಲ್ಲಿ ಕಾನೂನನ್ನೇ ಮಾಡಿತು. ಫಿನ್‌ಲೆಂಡ್ 2016ರಿಂದ ಕೂಡಿಸಿ ಬರೆಯುವುದನ್ನು ಕಡ್ಡಾಯದಿಂದ ತೆಗೆದು ಬಿಡಿ ಅಕ್ಷರವನ್ನೂ ಕೀಲಿಮಣೆಯನ್ನೂ ಕಲಿಸುತ್ತಿದೆ. ಫ್ರಾನ್ಸಿನಲ್ಲಿ ಸಣ್ಣ ಮಕ್ಕಳಿಂದಲೇ ಕೂಡಿಸಿ ಬರೆಸುತ್ತಾರೆ. ಅಂದರೆ ಇದು ಜಾಣತನದ ಗುರುತೂ ಅಲ್ಲ, ದಡ್ಡತನದ ಗುರುತೂ ಅಲ್ಲ. ಬರೆಯುವ ಒಂದು ರೀತಿ, ಅಷ್ಟೇ.

ನಮ್ಮ ಸೀಮೆಗೆ ಕೂಡಿಸಿ ಬರೆಯುವುದು ಹೊಸದೇನಲ್ಲ. ನಮ್ಮ ಹಿರಿಯರು ಅದಕ್ಕೆ ಮೋಡಿ ಅನ್ನುತ್ತಿದ್ದರು. ಪೇಶ್ವೆಯರ ಕಾಲದಲ್ಲಿ, ಆಮೇಲೆ ಮುಂಬೈ ಇಲಾಖೆಯ ಕಾಲದಲ್ಲಿ ಮರಾಠಿ ಕಾಗದಪತ್ರಗಳು ಮೋಡಿಯಲ್ಲಿ ನಡೆದವು. ಕನ್ನಡಕ್ಕೂ ಒಂದು ಮೋಡಿ ಇತ್ತು. ಕುಲಕರ್ಣಿಯ ದಫ್ತರ, ಸಾವಕಾರನ ಕಿರ್ದಿ, ಹೊಲದ ಖರೀದಿ ಪತ್ರ ಎಲ್ಲ ಅದರಲ್ಲೇ. ಲೇಖಣಿ ಎತ್ತದೆ ಸರಸರ ಬರೆಯಬಹುದು ಎನ್ನುವುದೇ ಅದರ ಲಾಭ. ಕಚೇರಿಯ ಕೆಲಸಕ್ಕೆ ಅದು ಬೇಕೂ ಆಗಿತ್ತು. ಆದರೆ ಮೋಡಿ ಬಲ್ಲವರು ಊರಿಗೆ ನಾಲ್ಕು ಜನ. ಉಳಿದವರೆಲ್ಲ ಅವರು ಓದಿ ಹೇಳಿದ್ದನ್ನು ನಂಬಬೇಕು, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಬೇಕು.

ನನ್ನ ತವರುಮನೆಯ ಟ್ರಂಕಿನಲ್ಲಿ ಮುತ್ತಜ್ಜನ ಕಾಲದ ಒಂದು ಹೊಲದ ಕಾಗದ ಇದೆ. ಮೂರು ಮಂದಿಗೆ ತೋರಿಸಿದೆವು. ಮೂವರೂ ಮೂರು ತರಹ ಓದಿದರು. ಬರೆದವನ ಕೈ ಎಷ್ಟು ಚುರುಕಿತ್ತೋ ಏನೋ, ಬರಹ ಮಾತ್ರ ನಮ್ಮ ಪಾಲಿಗೆ ಬಾಗಿಲು ಹಾಕಿಕೊಂಡು ಕೂತಿದೆ. ಇದನ್ನು ಯಾಕೆ ಹೇಳಿದೆ ಅಂದರೆ, ಬರಹಕ್ಕೆ ವೇಗ ಬೇಕು, ಅಂದ ಬೇಕು. ಆದರೆ ಎಲ್ಲಕ್ಕಿಂತ ಮೊದಲು ಅದು ಇನ್ನೊಬ್ಬರಿಗೆ ಓದಲು ಬರಬೇಕು.

ಈಗ ನಮ್ಮ ಶರಣರ ಕಡೆ ತಿರುಗೋಣ. ದೇವಭಾಷೆಯಲ್ಲಿ ಬಚ್ಚಿಟ್ಟಿದ್ದ ಅರಿವನ್ನು ಮನೆಮಾತಿಗೆ ತಂದವರು ಅವರು. ಅಕ್ಕಿ ಆಯುವವರು, ಹಗ್ಗ ಹೊಸೆಯುವವರು, ದೋಣಿ ನಡೆಸುವವರು ವಚನಕಾರರಾದರು. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ನಮಗೆ ಸಿಕ್ಕಿವೆ. ಹನ್ನೆರಡನೆಯ ಶತಮಾನದಲ್ಲಿ ಇಷ್ಟು ಹೆಣ್ಣುಮಕ್ಕಳ ಮಾತು ಬರಹಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಆ ಬರಹವನ್ನು ಜೋಪಾನ ಮಾಡುವುದೇ ಒಂದು ಕಾಯಕವಾಗಿತ್ತು. ಶಾಂತರಸ ಎಂಬ ಶರಣರನ್ನು ವಚನಭಂಡಾರಿ ಎಂದೇ ಕರೆದರು. ಕಲ್ಯಾಣದಲ್ಲಿ ಗದ್ದಲವಾದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ಹೊರಟ ದಾರಿ ನಮ್ಮ ಈ ಮಲಪ್ರಭೆಯ ದಂಡೆಯದೇ ಎಂದು ಪರಂಪರೆ ಹೇಳುತ್ತದೆ. ಕಾದರವಳ್ಳಿಯ ಹೆಸರು ಕೇಳಿದ್ದೀರಿ. ಎಂ.ಕೆ. ಹುಬ್ಬಳ್ಳಿಯಲ್ಲಿ ಹೊಳೆಯ ನಡುವೆ ತಾಯಿ ಗಂಗಾಂಬಿಕೆಯ ಐಕ್ಯಸ್ಥಳಕ್ಕೆ ಹೋಗಿ ಬಂದಿದ್ದೀರಿ.

ಆಮೇಲೆ ಏಳುನೂರು ವರ್ಷ ಮಠಗಳಲ್ಲಿ, ಮನೆಗಳಲ್ಲಿ ಹೆಸರು ಗೊತ್ತಿಲ್ಲದ ಯಾರು ಯಾರೋ ಕೂತು ಓಲೆಗರಿಯ ಮೇಲೆ ಕಂಟದಿಂದ ಆ ವಚನಗಳನ್ನು ಮತ್ತೆ ಮತ್ತೆ ನಕಲು ಮಾಡಿದರು. ಓದಲು ಬರುವಂತೆ ಬರೆದರು. ಆದ್ದರಿಂದಲೇ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗಳನ್ನು ಕೂಡಿಸಿದಾಗ ಅವನ್ನು ಬಿಡಿಸಿ ಓದಲು ಆಯಿತು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂತು. ಆ ನಕಲುಗಾರರು ತಮ್ಮ ಕೈಚಳಕ ತೋರಿಸಲೆಂದು ಮೋಡಿಯಂತೆ ಗೀಚಿದ್ದರೆ ಇವತ್ತು ನಾವು ಯಾವ ವಚನ ಹೇಳಿಕೊಂಡು ಗೋಷ್ಠಿ ಮಾಡುತ್ತಿದ್ದೆವು?

ಹಾಗಾದರೆ ಕರ್ಸಿವ್ ಬೇಡವೇ? ನಾನು ಬೇಡ ಅನ್ನುವುದಿಲ್ಲ. ಯಾವಾಗ ಮತ್ತು ಯಾತಕ್ಕೆ ಎಂದು ಕೇಳಿರಿ ಅನ್ನುತ್ತೇನೆ. ಮೂರು ನಾಲ್ಕು ವರ್ಷದ ಕೂಸಿನ ಬೆರಳು ಇನ್ನೂ ಬಲಿತಿರುವುದಿಲ್ಲ. ಅಚ್ಚಿನ ಪುಸ್ತಕದಲ್ಲಿ ಒಂದು ಆಕಾರ, ನೋಟಬುಕ್ಕಿನಲ್ಲಿ ಇನ್ನೊಂದು ಆಕಾರ. ಅಕ್ಷರದ ಗುರುತೇ ಸಿಗದ ಕೂಸಿಗೆ ಎರಡನ್ನೂ ಒಮ್ಮೆಗೇ ಹೊರಿಸಿದರೆ ಅದು ಬರೆಯುವುದಿಲ್ಲ, ಚಿತ್ರ ತೆಗೆಯುತ್ತದೆ. ನಮ್ಮ ಸರಕಾರಿ ಶಾಲೆಯ ನಲಿ-ಕಲಿಯಲ್ಲಿ ಅ ಆ ಇ ಈ ಬಿಟ್ಟು ರ ಗ ಸ ದ ಎಂದು ಶುರು ಮಾಡುವುದನ್ನು ನೋಡಿ ಎಷ್ಟೋ ತಂದೆ-ತಾಯಿಗಳು ನನ್ನ ಜೊತೆ ಜಗಳ ತೆಗೆದಿದ್ದಾರೆ. ಕೈಗೆ ಸುಲಭವಾದ ಆಕಾರ ಮೊದಲು, ಕಷ್ಟದ್ದು ಆಮೇಲೆ ಎಂಬುದು ಅದರ ಲೆಕ್ಕ. ಮಗುವಿನ ಕೈಯನ್ನು ನೋಡಿ ಪಾಠ ಮಾಡುವುದು ಎಂದರೆ ಇದೇ.

ಆದ್ದರಿಂದ ಮೊದಲು ಕನ್ನಡ, ದುಂಡಗೆ, ಬಿಡಿಸಿ. ಆಮೇಲೆ ಇಂಗ್ಲಿಷಿನ ಬಿಡಿ ಅಕ್ಷರ. ಓದು-ಬರಹ ಎರಡೂ ಸರಾಗವಾದ ಮೇಲೆ, ನಾಲ್ಕನೆಯದೋ ಐದನೆಯದೋ ಇಯತ್ತೆಗೆ ಬಂದಾಗ ಕರ್ಸಿವ್ ಕಲಿಸಲಿ. ಅದನ್ನು ಓದುವುದಂತೂ ಎಲ್ಲರಿಗೂ ಬರಲಿ. ಬರೆಯುವುದು ಕೈಗೆ ಒಗ್ಗಿದವರು ಬರೆಯಲಿ. ಒಗ್ಗದ ಮಗುವಿನ ಅಂಕ ಕಡಿಮೆ ಮಾಡಬಾರದು.

"ಇನ್ನ ಮ್ಯಾಲ ಎಲ್ಲಾ ಮೊಬೈಲ್‌ನಾಗ ಐತಿ, ಕೈಬರಹ ಯಾಕ ಬೇಕ್ರಿ?" ಅನ್ನುವ ಯುವಕರೂ ಇಲ್ಲಿದ್ದೀರಿ. ಎಸ್ಸೆಸ್ಸೆಲ್ಸಿ ಮಕ್ಕಳು ಇವತ್ತಿಗೂ ಮೂರು ತಾಸು ಕೈಯಿಂದಲೇ ಬರೆಯುತ್ತಾರೆ. ಅದನ್ನು ಓದುವವರು ಆ ಮಗುವಿನ ಮುಖ ನೋಡಿದವರಲ್ಲ. ಅದು ಪರೀಕ್ಷೆಯ ಮಾತಾಯಿತು. ಅದಕ್ಕಿಂತ ದೊಡ್ಡದು, ಬರೆಯುವಾಗ ಕೈ ನಿಧಾನವಾಗುತ್ತದೆ, ಕೈ ಜೊತೆ ಮನಸ್ಸೂ ನಿಲ್ಲುತ್ತದೆ. ಕೈಬರಹವನ್ನು ಬಿಡಬಾರದು. ಕೈಬರಹದ ಹೆಸರಿನಲ್ಲಿ ಬರೀ ಅಲಂಕಾರ ಕಲಿಸಬಾರದು.

ನನಗೆ ನಿಜವಾಗಿ ಚಿಂತೆ ಆಗಿರುವುದು ಬೇರೆ. ಕರ್ಸಿವ್ ಬರೆಯುವ ಮಗು ಮೇಲು, ಕನ್ನಡ ಶಾಲೆಯ ಮಗು ಕೀಳು ಎಂಬ ಹೊಸ ಜಾತಿಯೊಂದು ನಮ್ಮ ಓಣಿಗಳಲ್ಲಿ ಹುಟ್ಟುತ್ತಿದೆ. ಹಬ್ಬಕ್ಕೆ ಕೂಡಿದ ಮನೆಗಳಲ್ಲಿ ಎರಡು ನೋಟಬುಕ್ ಪಕ್ಕಪಕ್ಕ ಇಟ್ಟು ಒಂದು ಮಗುವನ್ನು ಹೊಗಳಿ ಇನ್ನೊಂದನ್ನು ತಲೆ ತಗ್ಗಿಸುವಂತೆ ಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಹುಟ್ಟಿನಿಂದ ಮೇಲು-ಕೀಳು ಇಲ್ಲ ಎಂದ ಬಸವಣ್ಣನವರ ಮಕ್ಕಳು ನಾವು. ಅಕ್ಷರದ ಬಾಲದಿಂದ ಮೇಲು-ಕೀಳು ಮಾಡಬಹುದೇ?

ಇಲ್ಲಿಗೆ ತಂದೆ-ತಾಯಿಗಳ ಹೊಣೆ ಬರುತ್ತದೆ. ನಮ್ಮ ಸೀಮೆಯಲ್ಲಿ ಶಾಲೆ ತಾನಾಗಿ ಬಂದದ್ದಲ್ಲ. ಇಲ್ಲಿ ಮರಾಠಿಯ ಜೋರು ಇದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಇದೇ ಸವದತ್ತಿ ತಾಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುಂಚೆ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಹತ್ತು ವರ್ಷದ ಮೇಲೆ, 1916ರಲ್ಲಿ, ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಹೆತ್ತ ಮಕ್ಕಳಿಲ್ಲದ ಲಿಂಗರಾಜರು ಊರ ಮಕ್ಕಳಿಗೆ ತಂದೆಯಾದರು. ಹೆತ್ತವರಾದ ನಾವು ಫೀ ಕಟ್ಟಿ, ಟ್ಯೂಶನ್ನಿಗೆ ಹಾಕಿ ಕೈ ತೊಳೆದುಕೊಂಡರೆ ಹೇಗೆ?

ಏನು ಮಾಡಬೇಕು ಅಂತೀರಾ? ದೊಡ್ಡದೇನಿಲ್ಲ. ಕೂಸಿಗೆ ಐದಾರು ವರ್ಷ ಆಗುವ ತನಕ ಬೆರಳಿಗೆ ಬಲ ಬರುವ ಕೆಲಸ ಕೊಡಿ. ಮಣ್ಣೆತ್ತಿನ ಅಮವಾಸ್ಯೆಗೆ ಅಂಗಡಿಯಿಂದ ಎತ್ತು ತರಬೇಡಿ, ಮಗುವೇ ಮಣ್ಣು ಕಲಸಿ ಮಾಡಲಿ. ಹೂ ಕಟ್ಟಲಿ, ಬತ್ತಿ ಹೊಸೆಯಲಿ, ರಂಗೋಲಿ ಚುಕ್ಕಿ ಇಡಲಿ. ಗಂಡು ಹುಡುಗನೂ ಮಾಡಲಿ.

ಬರೆಯಲು ಬಂದ ಮೇಲೆ ದಿನಕ್ಕೆ ಐದು ಸಾಲು, ತನ್ನದೇ ಮಾತು, ತಪ್ಪಾದರೂ ಚಿಂತೆಯಿಲ್ಲ. ಸಂತೆಯ ಚೀಟಿ ಅದೇ ಬರೆಯಲಿ. ಅಜ್ಜಿ ಹೇಳಿದ ಕತೆ ಬರೆಯಲಿ. ಗೋಷ್ಠಿಯಲ್ಲಿ ಕೇಳಿದ ಒಂದು ವಚನ ಮನೆಗೆ ಹೋಗಿ ನೆನಪಿನಿಂದ ಬರೆಯಲಿ. ತಂದೆ ಆ ಹೊತ್ತಿಗೆ ಮೊಬೈಲ್ ಕೆಳಗಿಟ್ಟು ಹದಿನೈದು ನಿಮಿಷ ಪಕ್ಕದಲ್ಲಿ ಕೂರಲಿ. "ನಮಗ ಓದಾಕ ಬರೂದಿಲ್ರಿ" ಅನ್ನುವ ತಾಯಂದಿರೇ, ನೀವು ಓದಬೇಕಾಗಿಲ್ಲ. "ಏನ ಬರದಿ, ನನಗ ಓದಿ ಹೇಳು" ಅನ್ನಿರಿ. ರೊಟ್ಟಿ ಬಡಿಯುತ್ತಲೇ ಕೇಳಿರಿ. ಮಗು ತಾನು ಬರೆದದ್ದನ್ನು ಓದಿದರೆ ಕಲಿಕೆ ಆಗಿದೆ. ಓದದಿದ್ದರೆ ಎಷ್ಟು ಚಂದ ಬರೆದರೂ ಆಗಿಲ್ಲ. ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಶಾಲೆಗೂ ಹೋಗಿ ಕೇಳಿರಿ. ಸರಕಾರಿ ಶಾಲೆಯಾದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ-ತಾಯಿಗಳೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಆ ಕುರ್ಚಿ ಹೆಸರಿಗೆ ಮಾತ್ರ ಇಟ್ಟುಕೊಳ್ಳಬೇಡಿ. ಖಾಸಗಿ ಶಾಲೆಯಾದರೆ ಪಾಲಕರ ಸಭೆಯಲ್ಲಿ ಎದ್ದು ನಿಂತು ಕೇಳಿರಿ: ನನ್ನ ಮಗು ಬರೆದದ್ದನ್ನು ಓದುತ್ತದೆಯೇ? ಸ್ವಂತ ಒಂದು ವಾಕ್ಯ ಬರೆಯುತ್ತದೆಯೇ? ಶಿಕ್ಷಕರ ಮೇಲೆ ಹರಿಹಾಯಬೇಡಿ. ಎಷ್ಟೋ ಕಡೆ ನಾವು ಪಾಲಕರೇ ಕರ್ಸಿವ್ ಬೇಕು ಎಂದು ಹಟ ಹಿಡಿದದ್ದರಿಂದ ಅವರು ಕಲಿಸುತ್ತಿದ್ದಾರೆ.

ಕೊನೆಗೆ ಒಂದು ಮಾತು. ಎಡಗೈಯಿಂದ ಬರೆಯುವ ಮಗುವಿನ ಕೈಗೆ ಹೊಡೆದು ಬಲಗೈಗೆ ಲೇಖಣಿ ಕೊಡುವುದು ಇನ್ನೂ ನಡೆದಿದೆ. ಎಡಗೈ ಅಶುಭವಂತೆ! ಶರಣರೇ, ಪೂಜೆಗೆ ಕೂತಾಗ ಇಷ್ಟಲಿಂಗವನ್ನು ನಾವು ಯಾವ ಅಂಗೈಯಲ್ಲಿ ಇಟ್ಟುಕೊಳ್ಳುತ್ತೇವೆ? ಎಡಗೈಯಲ್ಲಿ. ಲಿಂಗಕ್ಕೆ ಪೀಠವಾದ ಕೈ ಅಕ್ಷರಕ್ಕೆ ಅಶುಭ ಹೇಗಾದೀತು? ಮಗುವಿನ ಕೈ ಯಾವುದೇ ಇರಲಿ, ಅಕ್ಷರ ಕೂಡಿರಲಿ, ಬಿಡಿಯಾಗಿರಲಿ, ಆ ಕೈಗೆ ಹೊಡೆಯಬೇಡಿ.

ಆ ತಾಯಿ ಇವತ್ತೂ ಬಂದಿದ್ದಾರೆ, ಹುಡುಗನೂ ಬಂದಿದ್ದಾನೆ. ಪ್ರಸಾದಕ್ಕೆ ಮುಂಚೆ ಒಂದು ಹಾಳೆ ತೆಗೆದುಕೊಂಡು ಬಾರಪ್ಪ, ನಿನ್ನ ಹೆಸರು ಕನ್ನಡದಲ್ಲಿ ಬರೆದು ನಮಗೆಲ್ಲ ಓದಿ ಹೇಳು. ನಾವು ಕೇಳುತ್ತೇವೆ.