ಸಂಗೀತ ವಿದ್ಯಾರ್ಥಿಯ ನಿಲಯವಾಸ

ಸಂಗೀತವು ಗ್ರಂಥಾವಲೋಕನದಿಂದ ಬರುವ ವಿದ್ಯೆಯಲ್ಲ. ಗುರುಸನ್ನಿಧಿಯಲ್ಲಿ ವಾಸವಾಗಿದ್ದು ಕಿವಿಯಿಂದ ಪಡೆಯತಕ್ಕ ವಿದ್ಯೆ. ಗಾನಯೋಗಿ ಪಂಚಾಕ್ಷರ ಗವಾಯಿಗಳು (1892–1944) ಸ್ವತಃ ಅಂಧರು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತ ಅವರು, ತಮ್ಮಂತಹ ಅಂಧರಿಗೂ ಅನಾಥರಿಗೂ ಅನ್ನ, ವಸತಿ, ವಿದ್ಯೆಗಳನ್ನು ಒಟ್ಟಿಗೆ ನೀಡಿದರು. ಅವರ ತರುವಾಯ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ಸೇವೆಯನ್ನು ಪುಟ್ಟರಾಜ ಗವಾಯಿಗಳು ತಾವು ಲಿಂಗೈಕ್ಯರಾದ 2010ರವರೆಗೂ ನಡೆಸಿದರು.

ನಾನು ಬೆಳೆದುದು ಬೇರೊಂದು ನಿಲಯದಲ್ಲಿ. ಅಲ್ಲಿ ನನ್ನ ಕೋಣೆಯ ಸಂಗಡಿಗನು ನಸುಕಿನಲ್ಲೆದ್ದು ಮಂದ್ರಸಾಧನೆಗೆ ಕುಳ್ಳಿರುವನು. ನಿದ್ರಾಭಂಗದಿಂದ ಕನಲಿದ ನಾನು ಒಂದು ರಾತ್ರಿ ಅವನ ತಂಬೂರಿಯ ತಂತಿಗಳನ್ನೆಲ್ಲ ಸಡಿಲಿಸಿದೆನು. ಅವನಿಗೆ ದೃಷ್ಟಿಯಿರಲಿಲ್ಲ. ಬೆಳಗಾಗುವ ಮುನ್ನ ಅವನು ಬಿರಡೆಗಳನ್ನು ತಡವಿ, ಪಂಚಮ, ಜೋಡಿಷಡ್ಜ, ಖರಜಗಳನ್ನು ಒಂದೊಂದಾಗಿ ಕೂಡಿಸಿದನು. ಬಳಿಕ, “ಎದ್ದಿರುವೆಯಷ್ಟೆ? ಬಾ, ಶ್ರುತಿ ಸೇರಿದೆ” ಎಂದನು. ಅದರ ಹೊರತು ಬೇರೊಂದು ಮಾತಿಲ್ಲ. ತಪ್ಪನ್ನೊಪ್ಪಿಕೊಳ್ಳಲು ನನಗೆ ಬಾಯಿ ಬಾರದೆ, ಪಕ್ಕದಲ್ಲಿ ಕುಳಿತು ದನಿಗೂಡಿಸಿದೆನು. ನನ್ನ ಗಾಂಧಾರವು ಕೆಳಗಿಳಿಯುತ್ತಿದೆಯೆಂದು ಅಂದು ಅವನೇ ತಿದ್ದಿದನು. ಅದುವರೆಗೆ ಅದು ನನಗೆ ಕೇಳಿಸಿಯೇ ಇರಲಿಲ್ಲ.

ವಿದ್ಯಾರ್ಥಿಗಳೇ, ನೆರೆಯವನ ಸ್ವರವನ್ನು ಸಹಿಸದವನು ತನ್ನ ಅಪಸ್ವರವನ್ನು ಅರಿಯಲಾರನು. ಪಾಠವನ್ನು ಗುರುವು ಕೊಡುವನು. ಕಿವಿಯನ್ನು ಸಹವಾಸವು ಕೊಡುವುದು. ನಾನು ಅಂದು ಆಡದೆ ಉಳಿದ ಕ್ಷಮೆಯ ಮಾತನ್ನು ಇಂದು ಈ ಸಭೆಯಲ್ಲಿ ಆ ಮಿತ್ರನಿಗೆ ಅರ್ಪಿಸಿ ವಿರಮಿಸುತ್ತೇನೆ.